ಆರೋಗ್ಯ ಕಿಟಕಿ

ಮಾದಯ್ಯ, ಗುಂಡ್ಲುಪೇಟೆಯ ಆ ಹೋಟೆಲಿನ ಮುಂಬಾಗಿಲಿನಿಂದ ನಿಮ್ಮನ್ನು ಹೊರಗಟ್ಟಿಸಿದವನು ನಾನು. ಹೋಟೆಲಿನ ಸಾಹುಕಾರರು ಕೇಳಿದ್ದು ಹಿಂಗೋಡೆಯಲ್ಲೊಂದು ಕಿಂಡಿ. ಅದಕ್ಕೊಂದು ಗೌರವದ ಹೆಸರು ಹುಡುಕಿಕೊಟ್ಟವನೂ ನಾನೇ.

ಐವತ್ತರ ದಶಕದ ಆ ವರ್ಷಗಳಲ್ಲಿ ನಾನು ಹಗಲು ಕಟ್ಟಡಗಳ ನಕ್ಷೆ ಬರೆಯುತ್ತಿದ್ದೆ, ಸಂಜೆ ಚಾಮರಾಜನಗರದ ಸಭೆಗಳಲ್ಲಿ ಅಸ್ಪೃಶ್ಯತೆಯ ವಿರುದ್ಧ ಭಾಷಣ ಮಾಡುತ್ತಿದ್ದೆ. ಊಟಿ ರಸ್ತೆಯ ಪ್ರವಾಸಿಗರಿಗಾಗಿ ನಾನು ರೂಪಿಸಿದ ಹೋಟೆಲನ್ನು ಮುಂದಿನ ಶತಮಾನದ್ದೆಂದು ಜನ ಹೊಗಳಿದರು — ರೆಕ್ಕೆ ಬಿಚ್ಚಿದಂಥ ಕಾಂಕ್ರೀಟು ಚಾವಣಿ, ದುಂಡನೆಯ ಗಾಜಿನ ಗೋಡೆ. ನಿಮ್ಮ ಕೇರಿಯವರನ್ನು ಹೊರಗಿಡುವುದು ಅಪರಾಧವೆಂದು ಕಾನೂನು ಬಂದಿತ್ತು. ಸಾಹುಕಾರರಿಗೆ ಉಪಾಯ ಬೇಕಿತ್ತು. ಕಿಂಡಿಗೊಂದು ತಗಡಿನ ನಳಿಗೆ ಸೇರಿಸಿದೆ: ಒಳಗಿನವನು ಕಾಫಿ ಸುರಿದರೆ ಹೊರಗಿನವನ ತೆಂಗಿನ ಚಿಪ್ಪಿಗೆ ಬೀಳುತ್ತದೆ. 'ಆರೋಗ್ಯ ಕಿಟಕಿ — ಕೈ ತಾಗದ ನವೀನ ವ್ಯವಸ್ಥೆ' ಎಂದು ನಕ್ಷೆಯಲ್ಲಿ ಬರೆದೆ. ಬರೆದು — ಹೆಮ್ಮೆಪಟ್ಟೆ.

ಆ ಚಾವಣಿಗೆ ಕಾಂಕ್ರೀಟಿನ ಬಾಂಡಲಿ ಹೊತ್ತವರು ಉಡಿಗಾಲದ ನೀವು. ನೆಲ ಉಜ್ಜಿ ಹೊಳಪು ತಂದವರು ನಿಮ್ಮ ಹೆಂಡತಿ ಸಿದ್ದಮ್ಮ. ಪ್ರಾರಂಭದ ದಿನ ಇಬ್ಬರೂ ಬನ್ನಿ, ಒಳಗೆ ಕೂತು ಕಾಫಿ ಕುಡಿಯಿರಿ ಎಂದು ನಾನೇ ಕರೆದಿದ್ದೆ. ಒಗೆದ ಅಂಗಿ ತೊಟ್ಟು ಬಂದಿರಿ.

"ಏನ್ಲಾ ಮಾದ, ಕಾರು ಗೀರು ತಂದಿದ್ದೀಯಾ? ಮುಂಬಾಗ್ಲಲ್ಲೇ ಇಳ್ದ್‌ಬುಟ್ಟಿದ್ದೀಯ," ಎಂದರು ಸಾಹುಕಾರರು. ಅತಿಥಿಗಳು ನಕ್ಕರು.

"ಈ ಬುದ್ಯೋರೇ ಕರುದ್ರು ಸಾಮಿ," ಎಂದು ನೀವು ನನ್ನತ್ತ ನೋಡಿದಿರಿ.

ಬಂಡೀಪುರದ ವಿಶ್ರಾಂತಿಧಾಮದ ನಕ್ಷೆಯ ಕೆಲಸ ನನಗೆ ಕೊಡುವುದೂ ಸಾಹುಕಾರರ ಕೈಯಲ್ಲಿತ್ತು — ಅಷ್ಟೇ. "ನಾನು ಕರೆದಿಲ್ಲ. ಇವರಿಗೆಂದೇ ಹಿಂದೆ ಕಿಟಕಿ ಮಾಡಿದ್ದೇನಲ್ಲ," ಎಂದೆ.

ನಿಂತ ಜಾಗ ತೊಳೆದು ಹೋಗಿ ಎಂದರು ಸಾಹುಕಾರರು. "ಬುಡು, ನಾನೇ ಉಜ್ಜಿದ್ ನೆಲ ಅಲ್ವಾ, ಇನ್ನೊಂದ್ ಕಿತ ಉಜ್ತೀನಿ," ಎಂದು ನಿಮಗೆ ಹೇಳಿ ಸಿದ್ದಮ್ಮ ಮಂಡಿಯೂರಿದರು. ನಾನು ಒದ್ದೆ ನೆಲ ತುಳಿಯದೆ ಸುತ್ತಿಹೋಗಿ ಅತಿಥಿಯೊಬ್ಬರಿಗೆ ಚಾವಣಿಯ ಬಾಗನ್ನು ವಿವರಿಸಿದೆ.

ಬೇರೆ ಹೋಟೆಲಿನವರೂ ಆ ಕಿಟಕಿ ಬೇಕೆಂದರು. ಬರೆದುಕೊಟ್ಟೆ. ಕರೆಯದೆ ನುಗ್ಗಿದ ಸುಳ್ಳುಗಾರನೆಂಬ ಮಾತು ಮಾತ್ರ ನಿಮಗೆ ಅಂಟಿಕೊಂಡಿತು. ಯಾವ ಮೇಸ್ತ್ರಿಯೂ ನಿಮ್ಮನ್ನು ಮತ್ತೆ ಕೆಲಸಕ್ಕೆ ಸೇರಿಸಲಿಲ್ಲವೆಂದು ತಿಳಿದೂ ಸುಮ್ಮನಿದ್ದೆ.

ಕ್ಷಮೆ ಕೇಳುವುದಕ್ಕೆ — ಬೇಡ, ಆ ಮಾತಿಗೆ ನನಗೆ ಹಕ್ಕಿಲ್ಲ. ನಾಳೆ ಉಡಿಗಾಲಕ್ಕೆ ಬರುತ್ತೇನೆ. ನಿಮ್ಮೆದುರು, ಸಿದ್ದಮ್ಮನವರೆದುರು, ನಿಮ್ಮ ಕೇರಿಯವರೆದುರು, ಆ ಮೇಸ್ತ್ರಿಗಳೆದುರು ನಿಂತು ಹೇಳುತ್ತೇನೆ: ನಾನು ಕರೆದೆ, ಅವರು ಬಂದರು.