ಉಪ್ಪಿಲ್ಲದ ರೆಕಾರ್ಡು

ಮೊನ್ನೆ ಅಟ್ಟದಿಂದ ಇಳಿಸಿದ ರೆಕಾರ್ಡಿನ ಕವರಿನಿಂದ ನುಸಿಗುಳಿಗೆಯ ವಾಸನೆ ಬಂತು. ಹಿಂದೆಯೇ ಗೆಳೆಯ ಗೋಪಿಯ ಹಳೆಯ ತೀರ್ಪೂ ನೆನಪಾಯಿತು: "ಸಪ್ಪೆ ಕಣೋ, ಉಪ್ಪೇ ಇಲ್ಲ."

ತಂಡದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಈಗಲೇ ಯಾವುದಾದರೊಂದು ಪಕ್ಷ ಸೇರಿಬಿಡುತ್ತೀರಿ. ವಿಲಾಯಿತಿಯ ರಾಕ್ ತಂಡ. ಒಂದೇ ಹಾಡಿಗೆ ರೆಕಾರ್ಡಿನ ಇಡೀ ಸೈಡನ್ನು ಬರೆದುಕೊಡುತ್ತಿದ್ದ ಭಂಡರು. ತಾಳ ತಪ್ಪಿತಲ್ಲಪ್ಪಾ ಎಂದು ನಾವು ಗಾಬರಿಯಾಗುವಷ್ಟರಲ್ಲಿ ಸಮಕ್ಕೆ ಬಂದು ನಿಂತಿರುತ್ತಿದ್ದರು. ರಾಮನವಮಿ ಕಚೇರಿಗಳಲ್ಲಿ ತೊಡೆ ತಟ್ಟಿ ಬೆಳೆದ ನಮಗೆ ಇನ್ನೇನು ಬೇಕು?

ಗವಿಪುರದ ಗೋಪಿಯ ಮನೆಯಲ್ಲಿ ಅವನು, ಚಂದ್ರು, ನಾನು ಭಾನುವಾರ ಸೇರುತ್ತಿದ್ದೆವು. ರೆಕಾರ್ಡು ತಿರುಗುವಾಗ ಯಾರೂ ತುಟಿಪಿಟಕ್ ಅನ್ನಕೂಡದು. ಸೈಡ್ ಮುಗಿದ ಮೇಲೆ ಕವರು ಯಾರ ತೊಡೆಯ ಮೇಲಿದೆಯೋ ಅವರಷ್ಟೇ ಮಾತಾಡಬೇಕು. ಗೋಪಿಯ ಅಮ್ಮ ಕೊಟ್ಟ ಕಾಫಿಗೆ ಸಕ್ಕರೆ ಸಾಲದು ಅನ್ನುವುದಕ್ಕೂ ಕವರು ಬರುವತನಕ ಕಾಯಬೇಕಿತ್ತು.

ಆ ತಂಡಕ್ಕೆ ವಯಸ್ಸಾದ ಮೇಲೆ ಈ ರೆಕಾರ್ಡು ಬಂತು. ಆರ್ಭಟವಿಲ್ಲ, ತಾಳದ ಕಸರತ್ತಿಲ್ಲ. ಹಾಡುಗಾರ ಪಕ್ಕದಲ್ಲಿ ಕೂತು ಸಮಾಧಾನ ಹೇಳಿದ ಹಾಗೆ ಹಾಡಿದ್ದ. ಇದು ಮಾಗಿದ ಸಂಗೀತ ಎಂದ ಚಂದ್ರು. ನಾನು ಎಂದಿನಂತೆ, ಕವರಿನ ಚಿತ್ರ ಚೆನ್ನಾಗಿದೆ ಎಂದು ಜಾರಿಕೊಂಡೆ. ಗೋಪಿ ಮಾತ್ರ ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಿಗೆ ಕೇಳುವಷ್ಟು ಜೋರಾಗಿ ಬೈದ, ಊಟಕ್ಕೂ ಏಳಲಿಲ್ಲ. ರೆಕಾರ್ಡನ್ನು ನನ್ನ ಕೈಗೆ ತುರುಕಿ, "ತಗೊಂಡ್ಹೋಗು ಗುರು. ನಮ್ಮನೇಲಿ ಇದು ಬೇಡ" ಎಂದ.

ನನಗೆ ಅದರ ಮೇಲೆ ಪ್ರೀತಿ ಬೆಳೆಯಿತು. ಗೋಪಿಯ ಸಿಟ್ಟೂ ಇಷ್ಟವೇ. ಯಾರದೋ ಹಾಡಿಗಾಗಿ ಮಧ್ಯಾಹ್ನದ ಊಟ ಬಿಡುವ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಈಚೆಗೆ ಗೋಪಿಯ ಕಿವಿ ಮಂದವಾಗಿ ಮಿಷನ್ ಹಾಕಿಸಿಕೊಂಡ. ಮಾತು ಕೇಳಿಸುತ್ತದೆ; ಹಾಡು ಹೋಯಿತು. ಪ್ರಾಣವೇ ಆಗಿದ್ದ ಹಳೆಯ ರೆಕಾರ್ಡುಗಳೆಲ್ಲ ತಗಡಿನ ಡಬ್ಬ ಬಡಿದಂತೆ ಕೇಳುತ್ತವಂತೆ. ಭಾನುವಾರ ಬರಬೇಡಿ ಅಂದುಬಿಟ್ಟ. ಮೊನ್ನೆ ಅವನ ಹೆಂಡತಿ ಪದ್ಮ ಫೋನ್ ಮಾಡಿದರು: "ಪ್ಲೇಯರ್ ಕೊಟ್ಬಿಡ್ತೀನಿ ಅಂತಿದಾರೆ. ನೀವೊಂದ್ಸಲ ಬನ್ನಿ." ಅದಕ್ಕೇ ಅಟ್ಟ ಹತ್ತಿದ್ದು; ಆರ್ಭಟವಿಲ್ಲದ ಇದಾದರೂ ಅವನ ಕಿವಿಗೆ ದಕ್ಕೀತು ಅಂತ.

ಚಂದ್ರುವನ್ನೂ ಕರೆದುಕೊಂಡು ಹೋದೆ. ಪ್ಲೇಯರಿಗೆ ಆಗಲೇ ಹಳೆಯ ಬೆಡ್‌ಶೀಟು ಸುತ್ತಿತ್ತು. ಚಂದ್ರು ಬಿಚ್ಚಿ, ರೆಕಾರ್ಡು ಹಾಕಿದ. ನನ್ನ ತೊಡೆಯ ಮೇಲಿದ್ದ ಕವರು ನೋಡಿ ಗೋಪಿ ಮುಖ ಸಿಂಡರಿಸಿದ. ಆದರೂ ಕಟ್ಟಳೆ ಮುರಿಯಲಿಲ್ಲ. ಒಂದು ಪಿಯಾನೋ, ಮೆತ್ತನೆಯ ಬೇಸ್ ಗಿಟಾರು, ಆ ತಗ್ಗುದನಿ. ಒಂದರ ಮೇಲೊಂದು ಬೀಳದೆ, ನಡುವೆ ಜಾಗ ಬಿಟ್ಟು ಬರುತ್ತಿದ್ದವು. ಎರಡನೆಯ ಹಾಡಿಗೆ ಗೋಪಿಯ ಬೆರಳು ಮೊಣಕಾಲಿನ ಮೇಲೆ ಅಲುಗಿತು, ತಾಳಕ್ಕೆ ಸರಿಯಾಗಿ. ನನಗೆ ಕಣ್ಣು ತುಂಬಿ ಬಂತು.

ಸೈಡ್ ಮುಗಿಯಿತು. ಗೋಪಿ ಕೈಚಾಚಿ ಕವರು ಎಳೆದುಕೊಂಡ. ನಾವು ಕಾದೆವು.

"ಈಗ್ಲೂ ಸಪ್ಪೆನೇ" ಎಂದ. ಕವರನ್ನು ತಿರುಗಿಸಿ ನೋಡಿ, "ಆ ಕಡೆ ಹಾಕೋ, ಚಂದ್ರು."

ಪದ್ಮ ಬೆಡ್‌ಶೀಟನ್ನು ಮಡಿಸಿ ಒಳಗಿಟ್ಟರು. ಹೊರಡುವಾಗ ಕವರಿಗಾಗಿ ಕೈಯೊಡ್ಡಿದೆ. ಗೋಪಿ ಕೊಡಲಿಲ್ಲ.