ಹಾಸಿಗೆಯವನ ಭುಜದ ಒಡತಿ

ಹಾಸಿಗೆ ಹೊಲಿಯುವವನಿಗೆ ಹಗಲಲ್ಲಿ ನಿದ್ದೆ ಬಂದರೆ ಯಾರೂ ಮೂಗಿನ ಮೇಲೆ ಬೆರಳಿಡುವುದಿಲ್ಲ. ಅದೂ ಕಸುಬಿನ ಗುಣ ಎಂದುಕೊಳ್ಳುತ್ತಾರೆ. ಹಾಗಾಗಿ ಬೀದಿಯ ತಿರುವಿನ ಹಾಸಿಗೆಯವನು ಐವತ್ತು ದಾಟಿದ ಮೇಲೆ ಅರ್ಧ ತುಂಬಿದ ಹಾಸಿಗೆಯ ಮೇಲೆಯೇ ಗೊರಕೆ ಹೊಡೆಯತೊಡಗಿದಾಗ, "ಮಾಲು ಚೆನ್ನಾಗಿದೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು" ಎಂದು ಗಿರಾಕಿಗಳು ನಕ್ಕರು.

ನಗದೆ ಇದ್ದವಳು ಹೆಂಡತಿ ಒಬ್ಬಳೇ. ಹಿಂದಿನ ಕೋಣೆಯಲ್ಲಿ ದಿಂಬಿನ ಗವಸು ಹೊಲಿಯುತ್ತ ಕೂರುವ ಅವಳಿಗೆ ಹತ್ತಿ ಬಡಿಯುವ ಕೋಲಿನ ಸದ್ದು ಸೋತದ್ದು ಗೊತ್ತಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವನು ಅವಳನ್ನು ರೇಗಿಸುವುದನ್ನೇ ಬಿಟ್ಟಿದ್ದ. ಮದುವೆಯಾದಂದಿನಿಂದ "ಸುಮ್ಮನಿರಿ" ಎಂದು ಹೇಳಿಸಿಕೊಂಡವನು ನಿಜವಾಗಿಯೂ ಸುಮ್ಮನಾದರೆ ಯಾವ ಹೆಂಡತಿಗೆ ಸಮಾಧಾನ? ರಾತ್ರಿ ಗೋಡೆಯ ಕಡೆ ತಿರುಗಿದನೆಂದರೆ ಗೋಡೆಯೇ ಅವನ ಸಂಸಾರ.

"ಡಾಕ್ಟ್ರಿಗೆ ತೋರಿಸೋಣ ನಡೀರಿ."

"ವಯಸ್ಸಾಯ್ತು ಕಣೇ. ಹತ್ತಿನೂ ಒತ್ತಿ ಒತ್ತಿ ಚಪ್ಪಟೆ ಆಗಲ್ವಾ?"

"ಬಡಿದ್ರೆ ಮತ್ತೆ ಉಬ್ಬುತ್ತೆ. ನಿಮ್ಮನ್ನೂ ಬಡೀಲಾ?"

ಹೊರಟ. ಡಾಕ್ಟರಮ್ಮನಿಗೆ ಅವನ ಮಗಳ ವಯಸ್ಸು. ಅವಳು ಕೇಳಿದ ಕೆಲವು ಪ್ರಶ್ನೆಗಳಿಗೆ ಅವನು ಫ್ಯಾನು ನೋಡಿದ. ಉತ್ತರ ಹೆಂಡತಿ ಕೊಟ್ಟಳು.

"ಟೆಸ್ಟೋಸ್ಟೆರಾನ್ ಅಂತ ಒಂದು ಹಾರ್ಮೋನು. ಗಂಡಸರಿಗೆ ಹುರುಪು, ಆಸೆ, ಕಸುವು ಕೊಡೋದು. ಬೆಳಗ್ಗೆ ಖಾಲಿ ಹೊಟ್ಟೇಲಿ ಬಂದು ರಕ್ತ ಕೊಡಿ."

ಮೊಳದುದ್ದದ ಸೂಜಿಯನ್ನು ಹಾಸಿಗೆಯ ಈ ಕಡೆಯಿಂದ ಆ ಕಡೆಗೆ ನುಗ್ಗಿಸುವವನು, ಲ್ಯಾಬಿನ ಹುಡುಗಿ ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಲೇ ಸುಣ್ಣದಂತೆ ಬಿಳುಚಿದ.

"ಕಣ್ಣು ಮುಚ್ಕೊಳ್ಳಿ ಅಂಕಲ್."

ಮುಚ್ಚಿದವನು ಹಾಗೆಯೇ ಹೆಂಡತಿಯ ಮೇಲೆ ವಾಲಿಕೊಂಡ. ಒಂದು ಸಲದ ಪರೀಕ್ಷೆ ನಂಬಿ ಕೂರಬಾರದೆಂದು ಡಾಕ್ಟರಮ್ಮ ಮತ್ತೊಂದು ಬೆಳಗ್ಗೆ ಕರೆಸಿದಳು. ಆ ಸಲ ಅವನು ಮೊದಲೇ ಮಲಗಿಬಿಟ್ಟ. ಎರಡು ಸಲವೂ ಹಾರ್ಮೋನು ಕಡಿಮೆಯೇ ಬಂತು. ಉಳಿದ ತಪಾಸಣೆಯಲ್ಲಿ ಬೇರೆ ತೊಂದರೆ ಕಾಣಲಿಲ್ಲ.

"ತಗೊಳ್ಳಲೇಬೇಕು ಅಂತಿಲ್ಲ," ಎಂದಳು ಡಾಕ್ಟರಮ್ಮ. "ನಿಮ್ಮ ಸುಸ್ತು ನೋಡಿದ್ರೆ ಪ್ರಯತ್ನಿಸಬಹುದು. ತಗೊಂಡ್ರೆ ಆಗಾಗ ರಕ್ತ ನೋಡ್ತಿರಬೇಕು. ದಿನಾ ಭುಜಕ್ಕೆ ಹಚ್ಕೊಳ್ಳೋ ಜೆಲ್ ಇದೆ, ಇಲ್ಲಾಂದ್ರೆ ಇಂಜೆ..."

"ಜೆಲ್ಲೇ ಇರಲಿ."

"ಆದ್ರೆ ಹಚ್ಚಿದ ಜಾಗ ಮಕ್ಕಳ ಮೈಗೆ ತಾಗಬಾರದು. ಅಂಗಿ ಹಾಕ್ಕೊಂಡಿರಬೇಕು. ಮನೇಲಿ ಮಕ್ಕಳಿದಾರಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆ ಭುಜಕ್ಕೆ ಒಡತಿಯೊಬ್ಬಳಿದ್ದಳು. ಮೂರು ವರ್ಷದ ಮೊಮ್ಮಗಳು, ಕರೆಯುವ ಹೆಸರು ಗುಬ್ಬಿ. ಮನೆ ತುಂಬ ಹಾಸಿಗೆ ಇದ್ದರೂ ಅವಳು ಮಧ್ಯಾಹ್ನ ಮಲಗುತ್ತಿದ್ದದ್ದು ತಾತನ ಬರಿ ಭುಜಕ್ಕೆ ಕೆನ್ನೆಯೊತ್ತಿ ಮಾತ್ರ.

ಮರುದಿನ ಅವನು, ಜೆಲ್ ಹಚ್ಚುವ ಮೊದಲು ಗುಬ್ಬಿ ಒಪ್ಪುತ್ತಾಳೋ ನೋಡೋಣವೆಂದು, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಕೂತ. ಗುಬ್ಬಿ ಬಂದವಳೇ ಕಾಲರು ಜಗ್ಗಿದಳು. "ತಾತ, ಇದು ತೆಗಿ." ಹೊಸ ಹತ್ತಿಯ ಹಾಸಿಗೆಯಲ್ಲಿ ಮಲಗಿಸಿದರೆ ಬೀದಿಗೆಲ್ಲ ಕೇಳುವಂತೆ ಅತ್ತಳು.

"ಏನೂ ಬೇಡ ಅಂದ್ಬಿಡ್ಲಾ?" ಎಂದು ಅವನು ಹೆಂಡತಿಯನ್ನು ಕೇಳಿದ.

ಅವಳು ಹೊಲಿಗೆ ನಿಲ್ಲಿಸಲಿಲ್ಲ. "ಬೇಡ ಅಂದ್ರೆ ಬೇಡ. ನಾನೇನು ಬಿಟ್ಟು ಹೋಗಲ್ಲ. ನೀವು ನನ್ನ ರೇಗಿಸಿ ವರ್ಷ ಆಯ್ತು, ಅಷ್ಟೆ."

ಅವನು ಮೊಳದುದ್ದದ ಸೂಜಿಯನ್ನೇ ಬಹಳ ಹೊತ್ತು ನೋಡಿದ. "ನಾಳೆ ಚುಚ್ಚಿಸ್ಕೋತೀನಿ."

"ಯಾರು, ನೀವಾ?"

"ಮತ್ತೆ, ಪಕ್ಕದ ಮನೆಯವನು ಬಂದು ಚುಚ್ಚಿಸ್ಕೋತಾನಾ?"

ಆಸ್ಪತ್ರೆಯ ಮಂಚದ ಮೇಲೆ ನರ್ಸಮ್ಮ ಬೋರಲಾಗಿ ಮಲಗಿಸಿದಳು. ಅವನು ಹಲ್ಲು ಕಚ್ಚಿದ, ಮಂಚದ ಅಂಚು ಹಿಡಿದ. ಹಿಡಿದ ಕೈ ತಾನಾಗಿಯೇ ಹಾಸಿಗೆಯನ್ನು ತಡವಿ ನೋಡಿತು.

"ಇದನ್ನ ಯಾವ ಪುಣ್ಯಾತ್ಮ ಹೊಲಿದಿದ್ದು? ಹತ್ತಿ ಎಲ್ಲ ಒಂದೇ ಮೂಲೇಲಿ ಗಂಟಾಗಿದೆ. ನಡುವೆ ಒಂದು ಹೊಲಿಗೆ ಟಾಕಾನೂ ಇಲ್ಲ. ರೋಗಿ ಬೆನ್ನು ಏನಾಗಬೇಕು..."

"ಆಯ್ತು, ಏಳಿ," ಎಂದಳು ನರ್ಸಮ್ಮ.

"ಯಾವಾಗ ಆಯ್ತು?"

"ಹತ್ತಿ ಗಂಟಾಗಿದೆ ಅಂದಾಗ."

ಒಂದೇ ದಿನಕ್ಕೆ ಪವಾಡ ನಡೆಯುವುದಿಲ್ಲವೆಂದು ಡಾಕ್ಟರಮ್ಮ ಹೇಳಿಯೇ ಕಳಿಸಿದ್ದಳು. ನಡೆಯಲೂ ಇಲ್ಲ. ಎರಡು ಮೂರು ಸಲ ಚುಚ್ಚಿಸಿಕೊಂಡ ಮೇಲೆ, ಒಂದು ಮಧ್ಯಾಹ್ನ, ಬರಿ ಭುಜದ ಮೇಲೆ ಗುಬ್ಬಿಯನ್ನು ಮಲಗಿಸಿಕೊಂಡು ಅವನು ಹಿಂದಿನ ಕೋಣೆಗೆ ಇಣುಕಿದ.

"ಏನೇ, ಬೆಳಗ್ಗಿಂದ ಒಂದೇ ಗವಸು ಹೊಲೀತಿದೀಯಲ್ಲ. ಒಳಗೆ ತುಂಬೋದು ದಿಂಬೋ, ಆನೆಯೋ?"

ಹೊಲಿಗೆ ಯಂತ್ರ ನಿಂತಿತು.

"ಸುಮ್ಮನಿರಿ," ಎಂದಳು ಹೆಂಡತಿ, ನಗು ಕಾಣದಂತೆ ತಲೆ ಬಗ್ಗಿಸಿ. "ಮಗು ಏಳುತ್ತೆ."