ಭೇಟಿ ದಿನದ ಮೇಲುಹಾಸು

ಹುಡುಗಿಯರ ವಸತಿಶಾಲೆಯ ವಾರ್ಡನಮ್ಮನಿಗೆ ನಾಲಿಗೆ ಎರಡು: ಒಂದು ಹೆತ್ತವರ ಮುಂದೆ ಜೇನು ಸುರಿಸುತ್ತದೆ, ಇನ್ನೊಂದು ಅವರ ಕಾರು ಗೇಟು ದಾಟಲೆಂದು ಕಾಯುತ್ತದೆ. ಸ್ಥಾಪಕಿಯ ಪಟದ ಕೆಳಗೆ ಎದೆಯುಬ್ಬಿಸಿ ನಿಂತು, "ತೊಂಬತ್ತು ವರ್ಷದ ಇತಿಹಾಸ ಕಣ್ರೀ ನಮ್ಮ ಶಾಲೇದು! ಇಲ್ಲಿಗೆ ಬಂದ ಮಕ್ಕಳು ಮನೇನೇ ಮರೆತುಬಿಡ್ತಾರೆ" ಅನ್ನುತ್ತಾಳೆ, ಹೋದ ವರ್ಷ ಅದೇ ಇತಿಹಾಸಕ್ಕೆ ಎಂಬತ್ತು ವರ್ಷವಾಗಿತ್ತು. ಹೆತ್ತವರ ಭೇಟಿಯ ಭಾನುವಾರ ಬಂತೆಂದರೆ ಬೀರುವಿನಲ್ಲಿದ್ದ ಹೂವಿನ ಮೇಲುಹಾಸುಗಳು ನಲವತ್ತು ಮಂಚಗಳನ್ನೇರುತ್ತವೆ. "ಯಾರಾದ್ರೂ ಕೂತ್ರೋ, ಚರ್ಮ ಸುಲಿದುಬಿಡ್ತೀನಿ!" ಎಂಬ ಅಪ್ಪಣೆಗೆ ಹೆದರಿ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುತ್ತಾರೆ. ಕೊನೆಯ ಕಾರು ಹೊರಟಿದ್ದೇ ತಡ, ಇನ್ನೂ ಕೈಬೀಸುತ್ತಿರುವ ಮಕ್ಕಳ ಬೆನ್ನ ಹಿಂದೆಯೇ ಮೇಲುಹಾಸುಗಳನ್ನು ಸರಸರನೆ ಎಳೆದು, ಮಡಿಸಿಟ್ಟು, ಬೀರುವಿಗೆ ಬೀಗ ಜಡಿಯುತ್ತಾಳೆ. "ಅತ್ತಿದ್ದು ಸಾಕು, ಹಳೇ ಕಂಬಳಿ ಹಾಸ್ಕೊಳ್ರೇ!" ಆದರೆ ಪ್ರತಿ ಸಲವೂ ಯಾರೂ ನೋಡಲು ಬಾರದ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ, ಅವಳ ಮಂಚದ ಹತ್ತಿರ ಬಂದಾಗ ಮಾತ್ರ ವಾರ್ಡನಮ್ಮನ ಕೈ ಮುಂದಾಗುವುದಿಲ್ಲ. "ಏನೇ ಹಾಗೆ ನೋಡ್ತೀಯ? ಬೆಳಿಗ್ಗೆ ತಂದ್ಕೊಡು" ಎಂದು ಗದರಿ, ಮುಖ ತಿರುಗಿಸಿ ಹೊರಟುಬಿಡುತ್ತಾಳೆ. ಇದೇ ಕೋಣೆಯಲ್ಲಿ ಎಂಟು ವರ್ಷ ಇದ್ದು ಓದಿದವಳು ಈಕೆ. "ನೋಡೋಕೆ ಯಾರೂ ಬರಲ್ವಲ್ಲ" ಎಂದು ಆಗಿನ ವಾರ್ಡನಮ್ಮ ಇವಳ ಮಂಚಕ್ಕೆ ಒಂದು ಭಾನುವಾರವೂ ಮೇಲುಹಾಸು ಹಾಸಲಿಲ್ಲ.